ಅಂಗೈ ಗಣಕಗಳ ಬಾಹ್ಯ ಕೀಲಿಮಣೆ

ಬಾಹ್ಯ ಕೀಲಿಮಣೆ ಎಂಬುದು ಪಿಡಿಎ, ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್ ಮೊದಲಾದ ಅಂಗೈ ಗಣಕಗಳಿಗೆ ಹೊರಗಿನಿಂದ ಜೋಡಿಸಿ ಬಳಸುವ ಬೆರಳಚ್ಚು ಸಾಧನ. ಮೇಜಿನ ಗಣಕದಲ್ಲಿ ಕೀಲಿಮಣೆ ಬಳಸುವ ವಿದ್ಯುತ್ತು ಲೆಕ್ಕಕ್ಕೆ ಬರುವಂಥದ್ದಲ್ಲ. ಸಣ್ಣ ಬ್ಯಾಟರಿಯನ್ನೇ ನೆಚ್ಚಿಕೊಂಡಿರುವ ಅಂಗೈ ಗಣಕದಲ್ಲಾದರೋ ಆ ವಿದ್ಯುತ್ತನ್ನು ಯಾರು ಒದಗಿಸಬೇಕು ಎಂಬುದೇ ಜೋಡಣೆಯ ವಿಧಾನವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸರಣಿ ದ್ವಾರ ಮತ್ತು ಅವಗೆಂಪು ಕಿರಣ

ಥಿಂಕ್ ಔಟ್‌ಸೈಡ್ ಸಂಸ್ಥೆಯು ರೂಪಿಸಿದ, 1999ರಲ್ಲಿ ಮಾರುಕಟ್ಟೆಗೆ ಬಂದ ಸ್ಟೋಅವೇ ಕೀಲಿಮಣೆಯು ನಾಲ್ಕು ಭಾಗಗಳಾಗಿ ಮಡಚಿಕೊಳ್ಳುತ್ತಿತ್ತು. ಪಾಮ್ ಸಂಸ್ಥೆಯು ಇದನ್ನು ತನ್ನ ಹೆಸರಿನಲ್ಲಿಯೂ ಮಾರಿತು. ಇದಕ್ಕೆ ಸ್ವಂತ ಬ್ಯಾಟರಿ ಇರಲಿಲ್ಲ. ಪಿಡಿಎಯ ಸರಣಿ ದ್ವಾರದಿಂದಲೇ ವಿದ್ಯುತ್ತನ್ನು ಪಡೆಯುತ್ತಿತ್ತು. ಪಾಮ್ III ನಡೆಯುತ್ತಿದ್ದುದೇ ಎರಡು ಎಎಎ ಕೋಶಗಳಿಂದ. ಸರಣಿ ದ್ವಾರವನ್ನು ತೆರೆದಿಡುವುದಕ್ಕೂ ವಿದ್ಯುತ್ತು ವ್ಯಯವಾಗುವುದರಿಂದ, ಕೀಲಿಮಣೆಯ ಬಳಕೆ ಅಲ್ಪವಾಗಿದ್ದರೂ ಒಟ್ಟು ಹೊರೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಮಾದರಿಯಿಂದ ಮಾದರಿಗೆ ದ್ವಾರದ ಆಕಾರ ಬದಲಾಗುತ್ತಿದ್ದುದು ಇನ್ನೊಂದು ತೊಡಕು. ಅವಗೆಂಪು ಕಿರಣದ ಕೀಲಿಮಣೆಗಳು ಈ ತೊಡಕನ್ನು ನಿವಾರಿಸಿದವು, ಆದರೆ ಅವುಗಳಿಗೆ ಪ್ರತ್ಯೇಕ ಬ್ಯಾಟರಿ ಬೇಕಾಯಿತು.

ಯುಎಸ್‌ಬಿ

ಯುಎಸ್‌ಬಿ ವ್ಯವಸ್ಥೆಯಲ್ಲಿ ಆತಿಥೇಯ ಸಾಧನವೇ ವಿದ್ಯುತ್ತನ್ನು ಕೊಡಬೇಕು. ಗಣಕಕ್ಕೆ ಜೋಡಿಸಿದಾಗ ಫೋನು ಅತಿಥಿ. ಕೀಲಿಮಣೆಯನ್ನು ಜೋಡಿಸಿದಾಗ ಅದೇ ಫೋನು ಆತಿಥೇಯನಾಗಬೇಕು. ಈ ಪಾತ್ರ ಬದಲಾವಣೆಗಾಗಿ 2001ರಲ್ಲಿ 'ಆನ್-ದ-ಗೋ' ಎಂಬ ಪೂರಕ ನಿಯಮಾವಳಿ ಬಂದಿತು. ಮೈಕ್ರೊ ಯುಎಸ್‌ಬಿಯ ಓಟಿಜಿ ತಂತಿಯಲ್ಲಿ ಐಡಿ ಎಂಬ ಹೆಚ್ಚುವರಿ ಮುಳ್ಳು ಭೂಸಂಪರ್ಕಕ್ಕೆ ಸೇರಿರುತ್ತದೆ. ಅದನ್ನು ಗುರುತಿಸಿದ ಫೋನು ತನ್ನ ಬ್ಯಾಟರಿಯ ಸುಮಾರು 3.7 ವೋಲ್ಟನ್ನು 5 ವೋಲ್ಟಿಗೆ ಏರಿಸಿ ಹೊರಗೆ ನೀಡುತ್ತದೆ. ಸಾಧಾರಣ ತಂತಿಯಲ್ಲಿ ಈ ಸಂಪರ್ಕ ಇಲ್ಲದಿರುವುದರಿಂದ, ತುದಿಯನ್ನು ಹೇಗಾದರೂ ಹೊಂದಿಸಿದರೂ ಕೀಲಿಮಣೆ ಎಚ್ಚರಗೊಳ್ಳುವುದಿಲ್ಲ.

ಯುಎಸ್‌ಬಿ 2.0ರ ಪ್ರಕಾರ ಸಾಧನವೊಂದು ಪರಿಚಯ ಮುಗಿಯುವ ಮೊದಲು 100 ಮಿಲಿಆಂಪಿಯರ್, ಅನುಮತಿ ದೊರೆತ ಬಳಿಕ ಗರಿಷ್ಠ 500 ಮಿಲಿಆಂಪಿಯರ್ ಪಡೆಯಬಹುದು. ಓಟಿಜಿ ಆತಿಥೇಯನಾದರೋ ಕೇವಲ 8 ಮಿಲಿಆಂಪಿಯರ್ ಕೊಟ್ಟರೂ ನಿಯಮಬದ್ಧವೇ. ಜೋಡಣೆಯ ಆರಂಭದಲ್ಲಿ ಕೀಲಿಮಣೆಯು ತನಗೆ ಬೇಕಾದ ಗರಿಷ್ಠ ಪ್ರಮಾಣವನ್ನು ಘೋಷಿಸುತ್ತದೆ. ವಾಸ್ತವ ಬಳಕೆ ಎಷ್ಟೇ ಕಡಿಮೆಯಿದ್ದರೂ ಈ ಘೋಷಣೆ ಮಿತಿಯನ್ನು ಮೀರಿದರೆ ಫೋನು ಅಥವಾ ಟ್ಯಾಬ್ಲೆಟ್ ಅದನ್ನು ನಿರಾಕರಿಸಬಹುದು. ಕೀಲಿಮಣೆ ಕೆಟ್ಟಿದೆಯೆಂದು ಬಳಕೆದಾರರು ಭಾವಿಸುವ ಅನೇಕ ಪ್ರಸಂಗಗಳ ಹಿಂದೆ ಇರುವುದು ಈ ನಿರಾಕರಣೆ. ಹಿಂಬೆಳಕಿನ ದೀಪಗಳಿಲ್ಲದ ಕೀಲಿಮಣೆಯನ್ನು ಆರಿಸುವುದು, ಇಲ್ಲವೇ ಸ್ವಂತ ವಿದ್ಯುತ್ ಮೂಲವುಳ್ಳ ಹಬ್ಬನ್ನು ನಡುವೆ ಇಡುವುದು ಇದಕ್ಕೆ ಪರಿಹಾರ.

ಟೈಪ್-ಸಿ ದ್ವಾರದಲ್ಲಿ ಐಡಿ ಮುಳ್ಳಿಲ್ಲ. ಅತಿಥಿ ಸಾಧನವು ಸಿಸಿ ಎಂಬ ಸಂಪರ್ಕದಲ್ಲಿ 5.1 ಕಿಲೋಓಮ್ ರೋಧಕದಿಂದ ತನ್ನ ಗುರುತನ್ನು ತಿಳಿಸುತ್ತದೆ. ಇಲ್ಲಿ ದತ್ತಾಂಶದ ಪಾತ್ರವನ್ನೂ ವಿದ್ಯುತ್ತಿನ ಪಾತ್ರವನ್ನೂ ಬೇರ್ಪಡಿಸಬಹುದಾದ್ದರಿಂದ, ಸೂಕ್ತ ಹಬ್ಬಿನ ಮೂಲಕ ಫೋನು ಕೀಲಿಮಣೆಗೆ ಆತಿಥೇಯನಾಗಿರುತ್ತಲೇ ಚಾರ್ಜ್ ಆಗಬಲ್ಲದು. 2015ರ ಐಪ್ಯಾಡ್ ಪ್ರೊದಲ್ಲಿ ಬಂದ ಸ್ಮಾರ್ಟ್ ಕನೆಕ್ಟರ್ ಮೂರೇ ಸಂಪರ್ಕ ಬಿಂದುಗಳಿಂದ ವಿದ್ಯುತ್ತು, ದತ್ತಾಂಶ ಎರಡನ್ನೂ ಸಾಗಿಸುತ್ತದೆ.

ಬ್ಲೂಟೂತ್

ಬ್ಲೂಟೂತ್ ಕೀಲಿಮಣೆಗಳು ಸ್ವಂತ ಬ್ಯಾಟರಿಯಿಂದ ನಡೆಯುತ್ತವೆ. ಅಂಗೈ ಗಣಕಕ್ಕೆ ತಗಲುವುದು ತನ್ನ ರೇಡಿಯೊದ ವೆಚ್ಚ ಮಾತ್ರ. ಕೆಲಕಾಲ ಬಳಸದಿದ್ದರೆ ಇವು ನಿದ್ರಾಸ್ಥಿತಿಗೆ ಹೋಗುತ್ತವೆ. ಮರಳಿ ಬೆರಳಚ್ಚಿಸುವಾಗ ಮೊದಲ ಒಂದೆರಡು ಅಕ್ಷರಗಳು ಕಾಣೆಯಾಗುವುದು ಇದರಿಂದಲೇ.

ಭಾಷಾ ವಿನ್ಯಾಸ

ಯುಎಸ್‌ಬಿ ಹಾಗೂ ಬ್ಲೂಟೂತ್ ಕೀಲಿಮಣೆಗಳು ಸಾಮಾನ್ಯವಾಗಿ ಕಳುಹಿಸುವುದು ಕೀಲಿಯ ಸಂಕೇತವನ್ನೇ ಹೊರತು ಅಕ್ಷರವನ್ನಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯಲು ವಿಶೇಷ ಕೀಲಿಮಣೆ ಬೇಕಿಲ್ಲ. ಅಂಗೈ ಗಣಕದ ತಂತ್ರಾಂಶದಲ್ಲಿ ಬಾಹ್ಯ ಕೀಲಿಮಣೆಗೆ ಅನ್ವಯಿಸುವ ಇನ್‌ಸ್ಕ್ರಿಪ್ಟ್ ಅಥವಾ ಕೆ.ಪಿ. ರಾವ್ ವಿನ್ಯಾಸ ಇದ್ದರೆ ಸಾಕು.