ಮನೆಯನ್ನು ಮಹಾಮನೆಯಾಗಿಸಿದ ಹಿರಿಯರು

ಲಿಂಗವಂತರ ಮನೆಯಲ್ಲಿ ಹಿರಿಯರು ಅಗಲಿದಾಗ ‘ಸತ್ತರು’ ಎನ್ನುವ ರೂಢಿಯಿಲ್ಲ, ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಇದು ಬರಿಯ ಗೌರವದ ಮಾತಲ್ಲ, ತತ್ತ್ವದ ಮಾತು. ದೇಹಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ, ಪೂಜೆಗೆ ಕುಳಿತ ಭಂಗಿಯಲ್ಲಿಯೇ ಸಮಾಧಿಗೊಳಿಸುವುದು ನಮ್ಮ ಸಂಪ್ರದಾಯ. ಶರಣರು ಪಂಚಸೂತಕಗಳನ್ನು ನಿರಾಕರಿಸಿದವರಾದ್ದರಿಂದ ಮರಣಸೂತಕಕ್ಕೂ ನಮ್ಮಲ್ಲಿ ಎಡೆಯಿಲ್ಲ. ಪಿಂಡಪ್ರದಾನವಿಲ್ಲ, ತರ್ಪಣವಿಲ್ಲ. ಹಾಗಾದರೆ ನಮ್ಮ ಹಿರಿಯರನ್ನು ನಾವು ಸ್ಮರಿಸಬೇಕಾದ ಬಗೆ ಯಾವುದು?

ಶಿವಗಣಾರಾಧನೆ ನಡೆಯುತ್ತದೆ, ಗುರುಗಳ ಪಾದಪೂಜೆಯಾಗುತ್ತದೆ, ಬಂಧುಬಳಗ ಪ್ರಸಾದ ಸ್ವೀಕರಿಸುತ್ತದೆ. ಆಮೇಲೆ ಪಡಸಾಲೆಯ ಗೋಡೆಯ ಮೇಲೊಂದು ಭಾವಚಿತ್ರ, ಅದಕ್ಕೊಂದು ಹಾರ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಚಿತ್ರದಲ್ಲಿರುವವರು ಹೇಗೆ ಬಾಳಿದರೆಂಬುದನ್ನು ಹೇಳಬಲ್ಲವರು ಮನೆಯಲ್ಲಿ ಉಳಿದಿರುವುದಿಲ್ಲ. ಈ ಮರೆವು ಅನೇಕ ಕುಟುಂಬಗಳಲ್ಲಿ ಇಂದು ಕಾಣುತ್ತಿದೆ. ಆದ್ದರಿಂದ ನಮ್ಮ ಮನೆತನದ ಹಿರಿಯರಾಗಿದ್ದ ಅಜ್ಜನವರ ಬಾಳನ್ನು ಉದಾಹರಣೆಯಾಗಿಟ್ಟುಕೊಂಡು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇನೆ.

ಬೆಂಕಿಪುರದ ಕಾಯಕ

ಭದ್ರಾನದಿಯ ದಡದ ಬೆಂಕಿಪುರವು ಭದ್ರಾವತಿಯೆಂಬ ಕೈಗಾರಿಕಾ ನಗರವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೈಸೂರು ಸಂಸ್ಥಾನ 1918ರಲ್ಲಿ ಕೈಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಸೌದೆಯಿಂದ ತಯಾರಾದ ಇದ್ದಿಲು ಇವೆರಡರ ಬಲದಿಂದ ಅಂದಿನ ಕುಲುಮೆ ಉರಿಯುತ್ತಿತ್ತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಗೊಂಡಿತು. ಸುತ್ತಣ ತಾಲ್ಲೂಕುಗಳ ಒಕ್ಕಲು ಮನೆಗಳಿಂದ ನೂರಾರು ತರುಣರು ನೇಗಿಲು ಬಿಟ್ಟು ಕಾರ್ಖಾನೆಯ ಸೈರನ್ನಿಗೆ ಕಿವಿಗೊಟ್ಟರು.

ನಮ್ಮ ಅಜ್ಜನವರು ಅವರಲ್ಲೊಬ್ಬರು. ಶಿವಮೊಗ್ಗ ತಾಲ್ಲೂಕಿನ ಒಂದು ಸಣ್ಣ ಗ್ರಾಮದಲ್ಲಿ 1910ರಲ್ಲಿ ಜನಿಸಿದವರು. ತಂದೆಯ ಸಾಲಕ್ಕೆ ಹೊಲ ಅಡವಾಗಿದ್ದುದರಿಂದ 1931ರಲ್ಲಿ ಕಾರ್ಖಾನೆಯ ಇದ್ದಿಲು ವಿಭಾಗಕ್ಕೆ ಕೂಲಿಯಾಗಿ ಸೇರಿದರು. ಮೇಸ್ತ್ರಿಯಾಗಿ 1965ರಲ್ಲಿ ನಿವೃತ್ತರಾದರು. ಪಾಳಿಯ ಕೆಲಸ ಯಾವ ಹೊತ್ತಿಗಿದ್ದರೂ ಲಿಂಗಪೂಜೆ ತಪ್ಪಿಸಿದವರಲ್ಲ. ರಾತ್ರಿಪಾಳಿ ಮುಗಿಸಿ ಬೆಳಗಿನ ಜಾವ ಕ್ವಾರ್ಟರ್ಸಿಗೆ ಬಂದವರು, ಮೈಗಂಟಿದ ಇದ್ದಿಲಿನ ಮಸಿಯನ್ನು ತೊಳೆದು, ಹಣೆಗೆ ವಿಭೂತಿಯಿಟ್ಟು ಪೂಜೆಗೆ ಕುಳಿತ ಮೇಲೆಯೇ ಅವರಿಗೆ ಪ್ರಸಾದ. ‘ಕಾರ್ಖಾನೆಯ ಮಸಿಗೆ ನಾಚಬಾರದು, ಕದ್ದ ಅನ್ನಕ್ಕೆ ನಾಚಬೇಕು’ ಎಂಬುದು ಅವರು ಮಕ್ಕಳಿಗೆ ಹೇಳುತ್ತಿದ್ದ ಮಾತು. ರಜೆಯ ಸೋಮವಾರಗಳಲ್ಲಿ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಬೆಕ್ಕಿನ ಕಲ್ಮಠದಲ್ಲಿ ಗುರುದರ್ಶನ ಮಾಡಿ ಬರುತ್ತಿದ್ದರು.

ನಿವೃತ್ತಿಯ ಬಳಿಕ ಶಿವಮೊಗ್ಗದಲ್ಲಿ ಕಟ್ಟಿಸಿದ ಮನೆ ದೊಡ್ಡದೇನಲ್ಲ. ಆದರೆ ಪಡಸಾಲೆಯನ್ನು ಮಾತ್ರ ಅಗಲವಾಗಿ ಕಟ್ಟಿಸಿದ್ದರು. ಹಳ್ಳಿಗಳಿಂದ ಹೈಸ್ಕೂಲು, ಕಾಲೇಜು ಓದಲು ಬಂದ ಬಡಹುಡುಗರು ಇಬ್ಬರಾದರೂ ಅಲ್ಲಿ ಸದಾ ಇರುತ್ತಿದ್ದರು. ಮನೆಯ ಮಕ್ಕಳಿಗೊಂದು, ಅವರಿಗೊಂದು ಎಂಬ ಅಡಿಗೆಯಿರಲಿಲ್ಲ. ಈ ದಾಸೋಹದ ಭಾರವನ್ನು ಹೊತ್ತವರು ನಮ್ಮ ಅಜ್ಜಿಯವರು. ಒಲೆಯ ಮುಂದಿನ ಅವರ ಕಾಯಕವನ್ನು ನೆನೆಯದೆ ಅಜ್ಜನವರ ಔದಾರ್ಯವನ್ನು ಹೊಗಳುವುದು ನ್ಯಾಯವಾಗದು.

ಲೆಕ್ಕದ ಪುಸ್ತಕ ಹೇಳಿದ್ದು

ಅಜ್ಜನವರು 1989ರಲ್ಲಿ ಲಿಂಗೈಕ್ಯರಾದರು. ಮಕ್ಕಳು ಹೊಲವನ್ನೂ ಮನೆಯನ್ನೂ ಪಾಲು ಮಾಡಿಕೊಳ್ಳುವಾಗ ಮಾತಿಗೆ ಮಾತು ಬೆಳೆಯಿತು. ಅಣ್ಣತಮ್ಮಂದಿರಲ್ಲಿ ಕೆಲವು ತಿಂಗಳು ಮಾತೂ ನಿಂತಿತು. ಆ ಗದ್ದಲದಲ್ಲಿ ಯಾರೂ ಪಾಲು ಕೇಳದೆ ಉಳಿದದ್ದು ಒಂದು ತಗಡಿನ ಪೆಟ್ಟಿಗೆ ಮತ್ತು ಅದರೊಳಗಿನ ಲೆಕ್ಕದ ಪುಸ್ತಕಗಳು. ಸಂಬಳ, ಸಂಸಾರ, ದಾಸೋಹ ಎಂದು ಮೂರು ಅಂಕಣ ಹಾಕಿ ಬರೆದ ಪುಸ್ತಕಗಳವು.

1954ರ ಜನವರಿಯಿಂದ 1960ರ ಡಿಸೆಂಬರಿನವರೆಗೆ ಪ್ರತಿ ತಿಂಗಳೂ ‘ಜಾಮೀನು ರೂ. 10’ ಎಂಬ ಬರಹವಿದೆ. ಯಾರ ಹೆಸರೂ ಇಲ್ಲ. ಸಂಬಳ ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲವದು. ಏಳು ವರ್ಷಗಳಲ್ಲಿ ಒಟ್ಟು 840 ರೂಪಾಯಿ. ಅರ್ಥವಾದದ್ದು ಮೊದಲ ವರ್ಷದ ಸ್ಮರಣೆಗೆ ಅಪರಿಚಿತರೊಬ್ಬರು ಬಂದು ಸಮಾಧಿಗೆ ಶರಣು ಮಾಡಿದ ದಿನ. ಅವರ ತಂದೆ ಅಜ್ಜನವರ ಜೊತೆಗೆಲಸಗಾರರು. ಸಾಲ ತೀರುವ ಮೊದಲೇ ತೀರಿಕೊಂಡಿದ್ದರು. ವಿಧವೆಯ ಮನೆಬಾಗಿಲಿಗೆ ವಸೂಲಿಯವರು ಹೋಗಬಾರದೆಂದು ಜಾಮೀನುದಾರರಾಗಿದ್ದ ಅಜ್ಜನವರೇ ಅಷ್ಟನ್ನೂ ಕಟ್ಟಿದ್ದರು. ಮನೆಯವರಾರಿಗೂ ಹೇಳಿರಲಿಲ್ಲ. ಆ ಸಂಜೆ ಪುಸ್ತಕವನ್ನು ನಡುವೆ ಇಟ್ಟುಕೊಂಡು ಮಕ್ಕಳೆಲ್ಲ ಒಟ್ಟಿಗೆ ಕುಳಿತರು. ಪಾಲಿನ ಜಗಳ ಅಂದೇ ಮುಗಿಯಿತೆನ್ನಲಾರೆ; ಆದರೆ ಮಾತುಕತೆ ಮತ್ತೆ ಆರಂಭವಾಯಿತು.

ಹಿರಿಯರನ್ನು ನೆನೆಯುವಾಗ ಅವರನ್ನು ದೋಷರಹಿತರೆಂದು ಚಿತ್ರಿಸಬೇಕಿಲ್ಲ. ಹೆಣ್ಣಿಗೂ ಗಂಡಿಗೂ ಸಮನಾಗಿ ಲಿಂಗದೀಕ್ಷೆಯಿತ್ತ ಧರ್ಮ ನಮ್ಮದು. ಅಕ್ಕಮಹಾದೇವಿಯ ಉಡುತಡಿಯಾದರೋ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಆದರೂ ಅಜ್ಜನವರು ಹಿರಿಯ ಮಗಳನ್ನು, ಅಂದರೆ ನಮ್ಮ ದೊಡ್ಡ ಸೋದರತ್ತೆಯವರನ್ನು, ಮಿಡ್ಲ್ ಸ್ಕೂಲಿಗೇ ಬಿಡಿಸಿ ಮದುವೆ ಮಾಡಿದರು. ಪರರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು ತಮ್ಮ ಮಗಳ ಓದನ್ನು ನಿಲ್ಲಿಸಿದರೆಂಬ ನೋವು ಅತ್ತೆಯವರಿಗೆ ಕೊನೆಯವರೆಗೂ ಇತ್ತು. ಅಜ್ಜನವರೂ ಅದನ್ನು ಅರಿತಿದ್ದರು. 1972ರಲ್ಲಿ ಅತ್ತೆಯವರ ಮಗಳನ್ನು ತಾವೇ ಕರೆತಂದು ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿಸಿದರು. ಆ ಫೀಜನ್ನು ಅವರು ಸಂಸಾರದ ಅಂಕಣದಲ್ಲಾಗಲಿ ದಾಸೋಹದ ಅಂಕಣದಲ್ಲಾಗಲಿ ಬರೆಯಲಿಲ್ಲ. ಕೆಳಗೆ ಬೇರೆಯಾಗಿ ‘ಹಳೆಯ ಬಾಕಿ’ ಎಂದು ಬರೆದಿದ್ದಾರೆ.

ಸ್ಮರಣೆಯ ಕರ್ತವ್ಯ

ಶರಣರ ಚರಿತೆಯನ್ನು ಬರೆದಿಡುವುದು ನಮ್ಮ ಪರಂಪರೆಗೆ ಹೊಸತಲ್ಲ. ಹರಿಹರನು ರಗಳೆಗಳನ್ನು ರಚಿಸಿದ್ದು ಶಿವಶರಣರ ಬಾಳನ್ನು ಜನ ಮರೆಯದಿರಲೆಂದೇ. ಭೀಮಕವಿಯು 1369ರಲ್ಲಿ ಬಸವಪುರಾಣವನ್ನು ಕನ್ನಡಕ್ಕೆ ತಂದನು. ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಡೋಲೆಗಳನ್ನು ಅರಸಿದಾಗ, ಅವು ದೊರೆತದ್ದು ಮಠಗಳಲ್ಲಿ ಮಾತ್ರವಲ್ಲ; ಸಾಮಾನ್ಯ ಭಕ್ತರ ಮನೆಗಳ ಜಗಲಿಯ ಮೇಲೂ ದೊರೆತವು. ಅವರ ‘ವಚನಶಾಸ್ತ್ರಸಾರ’ ಪ್ರಕಟವಾದದ್ದು 1923ರಲ್ಲಿ, ಭದ್ರಾವತಿಯ ಕುಲುಮೆ ಹೊತ್ತಿದ ವರ್ಷದಲ್ಲಿಯೇ. ಆ ಮನೆಯವರು ಹಳೆಯ ಕಟ್ಟೆಂದು ಓಲೆಗಳನ್ನು ಹೊಳೆಗೆ ಬಿಟ್ಟಿದ್ದರೆ ನಮಗೆ ಉಳಿಯುತ್ತಿದ್ದುದೇನು?

ಭದ್ರಾವತಿಯ ಮನೆಗಳಲ್ಲಿ ಈ ಮಾತಿಗೆ ಇಂದು ಇನ್ನಷ್ಟು ತುರ್ತಿದೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ಮಕ್ಕಳು ಉದ್ಯೋಗ ಅರಸಿ ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿದ್ದಾರೆ. ಕ್ವಾರ್ಟರ್ಸ್ ಖಾಲಿ ಮಾಡುವಾಗ ಹಿರಿಯರ ಪೆಟ್ಟಿಗೆಗಳು ಗುಜರಿಗೆ ಹೋಗುವುದನ್ನು ಕಂಡಿದ್ದೇನೆ.

ಆದ್ದರಿಂದ ಸದ್ಭಕ್ತ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟು. ಹಿರಿಯರು ಲಿಂಗೈಕ್ಯರಾದ ಒಂದು ವರ್ಷದೊಳಗೆ ಅವರ ಬಾಳಿನ ವಿವರಗಳನ್ನು ಬರೆದಿಡಿರಿ; ಬರೆಯುವಾಗ ಮನೆಯ ಹೆಣ್ಣುಮಕ್ಕಳನ್ನು ತಪ್ಪದೆ ಕೇಳಿರಿ. ಸ್ಮರಣೆಯ ದಿನ ಪ್ರಸಾದಕ್ಕೆ ಮುನ್ನ ಅದನ್ನು ಕಿರಿಯರಿಂದ ಓದಿಸಿರಿ. ಹಂಚುವ ಪಾತ್ರೆಪಗಡಗಳಿಗೆ ವ್ಯಯಿಸುವ ಹಣದಲ್ಲಿ ಒಬ್ಬ ಬಡ ವಿದ್ಯಾರ್ಥಿಯ ವರ್ಷದ ಫೀಜನ್ನಾದರೂ ಕಟ್ಟಿರಿ. ಎಲ್ಲಕ್ಕಿಂತ ಮಿಗಿಲಾಗಿ, ಬದುಕಿರುವ ಹಿರಿಯರ ಬಳಿ ಈ ವಾರವೇ ಒಂದು ಗಳಿಗೆ ಕುಳಿತು ಅವರ ಮಾತನ್ನು ಕೇಳಿರಿ.

ಕಲ್ಯಾಣದಲ್ಲಿ ಬಸವಣ್ಣನವರ ಮನೆ ‘ಮಹಾಮನೆ’ಯೆನಿಸಿದ್ದು ಅದರ ವಿಸ್ತಾರದಿಂದಲ್ಲ, ಅಲ್ಲಿ ನಡೆದ ದಾಸೋಹದಿಂದ. ನಮ್ಮ ಮನೆತನದಲ್ಲಿ ಈಗ ಪ್ರತಿವರ್ಷ ಇಬ್ಬರು ವಿದ್ಯಾರ್ಥಿಗಳ ಫೀಜನ್ನು ಮೊಮ್ಮಕ್ಕಳು ಸೇರಿ ಕಟ್ಟುತ್ತಾರೆ. ಅವರಲ್ಲಿ ಒಬ್ಬಳು ಹೆಣ್ಣುಮಗಳಾಗಿರಲೇಬೇಕೆಂಬುದು ನಮ್ಮ ಅತ್ತೆಯವರು ವಿಧಿಸಿಹೋದ ನಿಯಮ.