ಡಬ್ಬಿಯೊಳಗಿನ ನಾಣ್ಯಕ್ಕೆ ಎಷ್ಟು ಬೆಲೆ?

ಅಂಗಡಿಯಾತ ಕೊಟ್ಟ ಚಿಲ್ಲರೆಯಲ್ಲಿ ಬಂದ 5 ರೂಪಾಯಿ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುವ ಮಗನನ್ನು ಕಂಡು ಅಪ್ಪ ನಗಬಹುದು. ಆದರೆ ಹುಡುಗ ಹುಡುಕುತ್ತಿರುವುದು ಇಸವಿಯ ಕೆಳಗಿನ ಪುಟ್ಟ ಗುರುತನ್ನು. ಅಲ್ಲಿ ವಜ್ರಾಕೃತಿ ಇದ್ದರೆ ನಾಣ್ಯ ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕಿ ಇದ್ದರೆ ನೊಯ್ಡಾದ್ದು. ಏನೂ ಇಲ್ಲದಿದ್ದರೆ ಅದು ಕೋಲ್ಕತ್ತದ ಕೂಸು! ಒಂದು ಪೈಸೆ ಹೆಚ್ಚಿಗೆ ಖರ್ಚಿಲ್ಲದೆ ಇಷ್ಟು ಭೂಗೋಳ ಕಲಿಸುವ ಹವ್ಯಾಸ ಇನ್ನೊಂದಿಲ್ಲ.

ತೊಡಕು ಶುರುವಾಗುವುದು ಇದರ ಮುಂದಿನ ಮೆಟ್ಟಿಲಲ್ಲಿ. ಜೇಬಿನ ಚಿಲ್ಲರೆ ಬಿಟ್ಟು, ಟಂಕಸಾಲೆಯೇ ಅಂದವಾದ ಪೆಟ್ಟಿಗೆಯಲ್ಲಿಟ್ಟು ಮಾರುವ ನಾಣ್ಯಗಳ ಸೆಟ್ಟು ಬೇಕೆಂದು ಮಗ ಹಟ ಹಿಡಿಯುತ್ತಾನೆ. ಬೆಲೆ ಸಾವಿರಗಳಲ್ಲಿ. ‘ಮುಂದೆ ಇದಕ್ಕೆ ಹತ್ತು ಪಟ್ಟು ಬರುತ್ತದಪ್ಪ’ ಎಂಬ ಆಶ್ವಾಸನೆ ಬೇರೆ. ಇದು ನಿಜವೇ?

ಸ್ಮಾರಕ ನಾಣ್ಯಗಳು

ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಹೊರಬಂದದ್ದು 1964ರಲ್ಲಿ, ಜವಾಹರಲಾಲ್ ನೆಹರೂ ಅವರ ನೆನಪಿಗೆ. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ 10 ರೂಪಾಯಿಯ ಬೆಳ್ಳಿ ನಾಣ್ಯ ಬಂತು. ಕನ್ನಡಿಗರಿಗೆ ಹೆಮ್ಮೆಯಾಗುವಂತೆ 2006ರಲ್ಲಿ ಬಸವೇಶ್ವರರ ಸ್ಮಾರಕ ನಾಣ್ಯವೂ ಟಂಕವಾಯಿತು. ಅದರ 5 ರೂಪಾಯಿ ನಾಣ್ಯ ಎಷ್ಟೋ ಮಂದಿಯ ಕೈದಾಟಿ ಹೋಗಿರಬಹುದು, ಯಾರೂ ತಿರುಗಿಸಿ ನೋಡಿರಲಿಕ್ಕಿಲ್ಲ.

ನಾಲ್ಕೂ ಟಂಕಸಾಲೆಗಳು 2006ರಿಂದ ಕೇಂದ್ರ ಸರ್ಕಾರದ ಒಂದೇ ನಿಗಮದ ಅಡಿಯಲ್ಲಿವೆ. ಸಂಗ್ರಾಹಕರಿಗೆಂದು ಸೆಟ್ಟುಗಳು ಮುಖ್ಯವಾಗಿ ಎರಡು ಬಗೆಯಲ್ಲಿ ಸಿಗುತ್ತವೆ. ಒಂದು, ಚಲಾವಣೆಗೆ ಹೋಗದ, ಯಾರ ಕೈಗೂ ಸಿಕ್ಕಿ ಸವೆಯದ ‘ಅನ್‌ಸರ್ಕ್ಯುಲೇಟೆಡ್’ ಸೆಟ್ಟು. ಇನ್ನೊಂದು ‘ಪ್ರೂಫ್’ ಸೆಟ್ಟು. ಇದಕ್ಕೆ ಅಚ್ಚನ್ನೂ ಲೋಹದ ಬಿಲ್ಲೆಯನ್ನೂ ಮೊದಲೇ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಆದ್ದರಿಂದಲೇ ಹಿನ್ನೆಲೆ ಕನ್ನಡಿಯಂತೆ ಹೊಳೆದರೆ, ಉಬ್ಬಿದ ಚಿತ್ರ ಇಬ್ಬನಿ ಕುಳಿತಂತೆ ಮಸುಕು ಬೆಳ್ಳಗೆ ಕಾಣುತ್ತದೆ.

ಮುಖಬೆಲೆಗೂ ಮಾರಾಟದ ಬೆಲೆಗೂ ಇಲ್ಲಿ ಸಂಬಂಧವಿಲ್ಲ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ತಂದ 75 ರೂಪಾಯಿ ನಾಣ್ಯದ ತೂಕ 35 ಗ್ರಾಂ. ಅದರಲ್ಲಿ ಬೆಳ್ಳಿ ಅರ್ಧ ಭಾಗ, ಅಂದರೆ ಹದಿನೇಳೂವರೆ ಗ್ರಾಂ. ಉಳಿದದ್ದು ತಾಮ್ರ ಶೇ 40, ನಿಕ್ಕಲ್ ಮತ್ತು ಸತು ತಲಾ ಶೇ 5ರಷ್ಟು. ಆ ದಿನದ ಬೆಳ್ಳಿಯ ದರದಿಂದ ಹದಿನೇಳೂವರೆಯನ್ನು ಗುಣಿಸಿದರೆ ಲೋಹದ ಬೆಲೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ಕುಶಲತೆಗೆ, ಪೆಟ್ಟಿಗೆಗೆ ಮತ್ತು ಮೋಹಕ್ಕೆ. ಈ ಲೆಕ್ಕವನ್ನು ಮಗನ ಕೈಯಲ್ಲೇ ಮಾಡಿಸುವುದು ಒಳ್ಳೆಯದು.

ನಾಣ್ಯಕ್ಕೂ ಅಂಕಪಟ್ಟಿ

ಪರೀಕ್ಷೆ ಬರೆಯುವ ಮಕ್ಕಳಿಗೆ ನೂರಕ್ಕೆ ಅಂಕ ಕೊಟ್ಟರೆ, ನಾಣ್ಯಕ್ಕೆ ಕೊಡುವುದು ಎಪ್ಪತ್ತಕ್ಕೆ. ಈ ವಿಚಿತ್ರ ಲೆಕ್ಕದ ಜನಕ ಅಮೆರಿಕದ ವಿಲಿಯಂ ಶೆಲ್ಡನ್. ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 1949ರಲ್ಲಿ ಅವರು 1ರಿಂದ 70ರವರೆಗಿನ ಅಳತೆಗೋಲು ರೂಪಿಸಿದರು. ಪೂರ್ತಿ ಸವೆದ ನಾಣ್ಯಕ್ಕೆ 1, ಕಳಂಕವಿಲ್ಲದ್ದಕ್ಕೆ 70. ಮೂಲದಲ್ಲಿ ಈ ಅಂಕ ಬೆಲೆಯ ಪಟ್ಟನ್ನೇ ಸೂಚಿಸುತ್ತಿತ್ತು. ಬೆಲೆಗಳು ಹಳಿ ತಪ್ಪಿ ಓಡಿದವು, ಅಂಕ ಮಾತ್ರ ಉಳಿಯಿತು.

1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಅಮೆರಿಕನ್ ಸಂಸ್ಥೆಗಳು ಹುಟ್ಟಿಕೊಂಡ ಮೇಲೆ ಅಂಕ ಕೊಡುವುದೇ ಒಂದು ಉದ್ಯಮವಾಯಿತು. ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, ಅಂಕ ನಮೂದಿಸಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರಪಡಿಸಿ ಕೊಡುತ್ತಾರೆ. ಬಳಕೆಯಾಗದ ನಾಣ್ಯಕ್ಕೆ ಸಿಗುವುದು 60ರಿಂದ 70ರೊಳಗಿನ ಅಂಕ. ಹಳೆಯ, ಅಪರೂಪದ ನಾಣ್ಯಗಳ ವ್ಯವಹಾರದಲ್ಲಿ ಇದರಿಂದ ನಿಜಕ್ಕೂ ಉಪಕಾರವಾಗಿದೆ. ನಕಲಿಯ ಭಯ ತಗ್ಗಿದೆ.

ಆದರೆ ಆಧುನಿಕ ಸೆಟ್ಟುಗಳ ಮಾತು ಬೇರೆ. ಇಂದಿನ ಯಂತ್ರದಲ್ಲಿ ಜೋಪಾನವಾಗಿ ತಯಾರಾದ ನಾಣ್ಯಕ್ಕೆ 69 ಬರುವುದು ದೊಡ್ಡ ವಿಷಯವಲ್ಲ. ತರಗತಿಯಲ್ಲಿ ಎಲ್ಲರೂ ಡಿಸ್ಟಿಂಕ್ಷನ್ ಪಡೆದ ಹಾಗೆ. ಆದರೂ 69 ಮತ್ತು 70ರ ನಡುವಿನ, ಬರಿಗಣ್ಣಿಗೆ ಕಾಣದ ವ್ಯತ್ಯಾಸಕ್ಕೆ ಕೆಲವೊಮ್ಮೆ ಹಲವು ಪಟ್ಟು ಬೆಲೆ ಕೇಳುತ್ತಾರೆ. ‘ಇಷ್ಟು ಅಂಕದ್ದು ಜಗತ್ತಿನಲ್ಲಿ ಮೂರೇ ಇವೆ’ ಎಂಬ ಮಾತು ಸತ್ಯವೇ ಇರಬಹುದು. ಆದರೆ ಅದರ ಅರ್ಥ, ಪರೀಕ್ಷೆಗೆ ಕೂತವುಗಳಲ್ಲಿ ಮೂರು ಎಂದಷ್ಟೆ. ಪರೀಕ್ಷೆಗೇ ಹೋಗದ ಸೆಟ್ಟುಗಳು ಮನೆಮನೆಯ ಬೀರುವಿನಲ್ಲಿ ಕುಳಿತಿವೆ. ನಾಳೆ ಅವೂ ಹೋದರೆ ಮೂರು ಮುನ್ನೂರಾಗಲು ತಡವಿಲ್ಲ. ಮೇಲಾಗಿ ವಿದೇಶಕ್ಕೆ ಕಳಿಸುವ ವೆಚ್ಚ, ವಿಮೆ, ಶುಲ್ಕ ಸೇರಿದರೆ ನಾಣ್ಯಕ್ಕಿಂತ ಅಂಕಪಟ್ಟಿಯೇ ದುಬಾರಿಯಾದೀತು.

ಮೋಸದ ಬಲೆ

ಇದಕ್ಕಿಂತ ಕೆಟ್ಟದ್ದು ವದಂತಿ. ವೈಷ್ಣೋದೇವಿಯ ಚಿತ್ರವಿರುವ, 2012ರಲ್ಲಿ ಟಂಕವಾದ 5 ಮತ್ತು 10 ರೂಪಾಯಿ ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆಸೆಪಟ್ಟು ಸಂಪರ್ಕಿಸಿದವರಿಂದ ‘ನೋಂದಣಿ ಶುಲ್ಕ’, ‘ತೆರಿಗೆ’ ಎಂದು ಹಣ ಕೀಳುವುದು ಇಂಥ ದಂಧೆಯ ರೀತಿ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ವಂಚಕರು ಬಳಸಿಕೊಂಡಾಗ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಮಾರುವವನೇ ಮೊದಲು ಹಣ ಕಟ್ಟಬೇಕೆಂದರೆ ಅದು ಮೋಸವೆಂದೇ ತಿಳಿಯಿರಿ.

ಹಾಗಾದರೆ ಸಂಗ್ರಹ ಬೇಡವೇ? ಖಂಡಿತ ಬೇಕು. ಸೆಟ್ಟು ಕೊಳ್ಳುವುದಾದರೆ ಟಂಕಸಾಲೆಯಿಂದಲೇ ನೇರವಾಗಿ ಕೊಳ್ಳಿ, ರಸೀದಿ ಜೋಪಾನ ಮಾಡಿ, ಮೂಲ ಪೆಟ್ಟಿಗೆಯನ್ನು ಒಡೆಯಬೇಡಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಅಗ್ಗದ ಪಿವಿಸಿ ಚೀಲ ಕಾಲಕ್ರಮದಲ್ಲಿ ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಸುತ್ತದೆ. ಕಾಲೇಜಿನ ಫೀಸಿಗೆಂದು ಎತ್ತಿಟ್ಟ ಹಣವನ್ನಂತೂ ಇದಕ್ಕೆ ಹಾಕಬಾರದು. ಮಾರಲು ಹೋದಾಗ ವ್ಯಾಪಾರಿ ತನ್ನ ಲಾಭ ಬಿಟ್ಟು ಕೊಡುವ ಬೆಲೆಯೇ ನಿಜವಾದ ಬೆಲೆ.

ಜೇಬಿನ ಚಿಲ್ಲರೆಯಲ್ಲಿ ನಾಲ್ಕು ಟಂಕಸಾಲೆಗಳ ಒಂದೇ ಇಸವಿಯ ನಾಣ್ಯಗಳನ್ನು ಕೂಡಿಸಿದ ಹುಡುಗನಿಗೆ ಪೇಟೆಯಲ್ಲಿ ಸಿಗುವುದು ಅವುಗಳ ಮುಖಬೆಲೆ ಮಾತ್ರ. ಆದರೆ ಹುಡುಕುತ್ತ ಹುಡುಕುತ್ತ ಅವನ ಕಣ್ಣಿಗೆ ಬಂದ ಸೂಕ್ಷ್ಮ, ಕೈಗೆ ಬಂದ ತಾಳ್ಮೆ ಅವನಲ್ಲೇ ಉಳಿಯುತ್ತವೆ. ಅವಕ್ಕೆ ಎಪ್ಪತ್ತಕ್ಕೆ ಎಷ್ಟು ಅಂಕವೆಂದು ಅಪ್ಪ ಅಮ್ಮನೇ ಹೇಳಬೇಕು.