ಗಾಯದ ಶಿಲ್ಪಿಯೂ ಶಿರಾದ ಹನ್ನೆರಡು ಸಾವಿರ ಮನೆಗಳೂ

ಶಿರಾ ಪಟ್ಟಣಕ್ಕೆ ಬಂದ ಪರಸ್ಥಳದವರಿಗೆ ಊರಿನವರು ಎರಡು ಕಟ್ಟಡಗಳನ್ನು ತಪ್ಪದೆ ತೋರಿಸುವರು: ಒಂದು ಮಲಿಕ್ ರಿಹಾನನ ಗೋರಿ, ಇನ್ನೊಂದು ೧೬೯೬ರಲ್ಲಿ ಕಟ್ಟಿದ ಜುಮ್ಮಾ ಮಸೀದಿ. ಮಧುಗಿರಿಯಲ್ಲಾದರೆ ಏಕಶಿಲೆಯ ಬೆಟ್ಟವನ್ನೂ ಅದರ ಮೇಲಿನ ಕೋಟೆಯನ್ನೂ, ಕೊರಟಗೆರೆಯ ಕಡೆ ಚನ್ನರಾಯನದುರ್ಗವನ್ನೂ, ಪಾವಗಡದಲ್ಲಿ ಬೆಟ್ಟವನ್ನೂ ನಿಡುಗಲ್ಲನ್ನೂ ತೋರಿಸುವರು. ಮಧುಗಿರಿ ಉಪವಿಭಾಗಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳಲ್ಲಿ ಕೋಟೆಯಿಲ್ಲದ ದೊಡ್ಡ ಬೆಟ್ಟವನ್ನು ಹುಡುಕುವುದೇ ಕಷ್ಟ. ಇವೆಲ್ಲವೂ ಪಾಳೆಯಗಾರರು, ಸುಬೇದಾರರು, ಅರಸರು ಬಿಟ್ಟುಹೋದ ಗುರುತುಗಳು. ಇವರ ಕಾಳಗಗಳ ನಡುವೆ ಮನೆಮಠಗಳನ್ನು ಕಳೆದುಕೊಂಡು ಊರು ಬಿಟ್ಟವರ ಗುರುತು ಎಲ್ಲಿ ಎಂದು ಯಾರಾದರೂ ಕೇಳಿದರೆ, ತೋರಿಸತಕ್ಕ ಕಲ್ಲು ಒಂದೂ ಇಲ್ಲ.

ನಮ್ಮ ಹಿರಿಯರು ಕಲ್ಲಿನ ವಿಷಯದಲ್ಲಿ ಜಿಪುಣರಾಗಿರಲಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು. ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನಿಲ್ಲಿಸಿದರು. ಆದರೆ ಸಾಯದೆ ಉಳಿದು, ಮಕ್ಕಳನ್ನು ಕಂಕುಳಲ್ಲಿಯೂ ಪಾತ್ರೆಪದಾರ್ಥಗಳನ್ನು ತಲೆಯ ಮೇಲೆಯೂ ಹೊತ್ತು ನಡೆದುಹೋದವರಿಗೆ ಯಾವ ಕಲ್ಲೂ ಗೊತ್ತಾಗಲಿಲ್ಲ. ಸತ್ತವರಿಗೆ ಕಲ್ಲುಂಟು, ಹೋದವರಿಗೆ ಇಲ್ಲ. ಈ ಮಾತು ಅತಿಶಯವೆಂದು ತೋರುವವರು ಶಿರಾದ ಚರಿತ್ರೆಯನ್ನು ನೋಡಬಹುದು.

ಶಿರಾ ೧೬೮೭ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದುದನ್ನು ವಾಚಕರು ಬಲ್ಲರು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಪ್ರತೀತಿ. ಅನಂತರ ಊರು ಚೆಂಡಿನಂತೆ ಕೈಯಿಂದ ಕೈಗೆ ಹಾರಿತು. ೧೭೫೭ರಲ್ಲಿ ಮರಾಠರು, ೧೭೬೧ರಲ್ಲಿ ಹೈದರಾಲಿ, ೧೭೬೬ರಲ್ಲಿ ಮತ್ತೆ ಮರಾಠರು, ೧೭೭೪ರಲ್ಲಿ ಟಿಪ್ಪುವಿನ ದಂಡು. ಕಡೆಗೆ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿ ತಾನು ಹೊಸದಾಗಿ ಕಟ್ಟಿಸಿದ ಗಂಜಾಮಿಗೆ ಜನ ಬೇಕೆಂದು ಶಿರಾದಿಂದ ೧೨,೦೦೦ ಕುಟುಂಬಗಳನ್ನು ಬಲಾತ್ಕಾರವಾಗಿ ಸಾಗಿಸಿದನೆಂದು ರೈಸ್ ಅವರ ಗೆಜೆಟಿಯರಿನಲ್ಲಿ ದಾಖಲಾಗಿದೆ. ಮನೆಗೆ ಐವರೆಂದು ಹಿಡಿದರೂ ಅರವತ್ತು ಸಾವಿರ ಜನ. ಇಷ್ಟು ಜನರ ಪ್ರಯಾಣಕ್ಕೆ ಗೆಜೆಟಿಯರು ಕೊಟ್ಟಿರುವುದು ಒಂದೇ ವಾಕ್ಯ. ದಿಲಾವರ್ ಖಾನನ ಅರಮನೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ, ಅಲ್ಲಿನ ತೋಟವನ್ನು ಕಂಡೇ ಹೈದರಾಲಿಗೆ ಲಾಲ್‌ಬಾಗಿನ ಯೋಚನೆ ಬಂದಿರಬಹುದೆಂದೂ ಹೇಳುವುದುಂಟು. ಅರಮನೆಗೂ ತೋಟಕ್ಕೂ ನೆನಪಿನಲ್ಲಿ ಸ್ಥಳ ಸಿಕ್ಕಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಗಂಜಾಮೂ ಕ್ಷೀಣಿಸಿದಾಗ ಆ ಜನ ಎರಡನೆಯ ಬಾರಿ ಯಾವ ದಾರಿ ಹಿಡಿದರೆಂದು ಕೇಳಿದವರೇ ಇಲ್ಲ.

ಇಂಥವರನ್ನು ಶಿಲ್ಪದಲ್ಲಿ ತರುವುದು ಸಾಧ್ಯವೆ? ಸಾಧ್ಯವೆಂದು ನಮ್ಮ ಕಾಲದಲ್ಲಿಯೇ ಒಬ್ಬರು ಮಾಡಿ ತೋರಿಸಿದ್ದಾರೆ. ಅವರು ಕನ್ನಡಿಗರಲ್ಲ, ಬಂಗಾಳದವರು. ಹೆಸರು ಸೋಮನಾಥ ಹೋರ್.

ಹೋರ್ ಅವರು ಹುಟ್ಟಿದ್ದು ೧೯೨೧ರಲ್ಲಿ, ಚಿತ್ತಗಾಂಗ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಎರಡನೆಯ ಮಹಾಯುದ್ಧವು ಬರ್ಮಾದ ಗಡಿಯನ್ನು ದಾಟಿ ಅವರ ಸೀಮೆಗೆ ಬಂದಾಗ ಅವರಿನ್ನೂ ಇಪ್ಪತ್ತರ ತರುಣರು. ೧೯೪೨ರಲ್ಲಿ ಜಪಾನಿನ ವಿಮಾನಗಳು ಪಟಿಯಾ ಎಂಬ ಊರಿನ ಮೇಲೆ ಬಾಂಬು ಹಾಕಿದುವು. ಸತ್ತವರನ್ನೂ ಗಾಯಗೊಂಡವರನ್ನೂ ಹೋರ್ ಅವರು ಕಣ್ಣಾರೆ ಕಂಡು ಚಿತ್ರಿಸಿದರು. ಮರುವರ್ಷ ಬಂಗಾಳದ ಕ್ಷಾಮ. ಬರ್ಮಾದ ಅಕ್ಕಿ ನಿಂತಿತ್ತು. ಶತ್ರುವಿನ ಕೈಗೆ ಸಿಗಬಾರದೆಂದು ಆಂಗ್ಲ ಸರಕಾರದವರು ಕರಾವಳಿಯ ದೋಣಿಗಳನ್ನೂ ದಾಸ್ತಾನನ್ನೂ ತೆಗೆಸಿದ್ದರು. ದಂಡಿನ ವೆಚ್ಚದಿಂದ ಬೆಲೆ ಗಗನಕ್ಕೇರಿತ್ತು. ಸುಮಾರು ೩೦ ಲಕ್ಷ ಜನ ಸತ್ತರು. ಮಳೆ ತಪ್ಪಿ ಬಂದ ಬರವಲ್ಲ ಇದು, ಪರರ ಯುದ್ಧವು ನಮ್ಮವರ ಅನ್ನದ ತಟ್ಟೆಯನ್ನು ಕಸಿದುಕೊಂಡ ಬರ. ಹೋರ್ ಅವರು ಹಸಿದವರ ನಡುವೆ ಕುಳಿತು ಬರೆದ ಚಿತ್ರಗಳು ಕಮ್ಯೂನಿಸ್ಟ್ ಪಕ್ಷದ ಪತ್ರಿಕೆಗಳಲ್ಲಿ ಅಚ್ಚಾದುವು. ೧೯೪೬ರಲ್ಲಿ ಉತ್ತರ ಬಂಗಾಳದ ಗೇಣಿದಾರರು ಬೆಳೆಯ ಮೂರರಲ್ಲಿ ಎರಡು ಪಾಲು ತಮ್ಮದೆಂದು ಎದ್ದ ತೇಭಾಗಾ ಚಳವಳಿಯನ್ನೂ ಹಳ್ಳಿಹಳ್ಳಿಗೆ ತಿರುಗಿ ಚಿತ್ರಿಸಿದರು. ಅದರ ಮರುವರ್ಷವೇ ದೇಶವಿಭಜನೆ. ಸ್ವಾತಂತ್ರ್ಯ ಬಂದ ದಿನವೇ ಅವರ ಹುಟ್ಟೂರು ಬೇರೆ ದೇಶವಾಯಿತು. ೧೯೭೧ರಲ್ಲಿ ಅದು ಮತ್ತೊಂದು ದೇಶವಾಯಿತು. ಹೋರ್ ಅವರು ಕಲ್ಕತ್ತೆ, ದಿಲ್ಲಿಗಳಲ್ಲಿದ್ದು ಕಡೆಗೆ ಶಾಂತಿನಿಕೇತನದಲ್ಲಿ ನೆಲೆಸಿದರು. ೨೦೦೬ರಲ್ಲಿ ಅಲ್ಲಿಯೇ ತೀರಿಕೊಂಡರು.

ಅಷ್ಟು ವರ್ಷಗಳ ಕಾಲ ಅವರು ಮಾಡಿದ್ದು ಅಚ್ಚಿನ ಚಿತ್ರಗಳನ್ನು. ಕಂಚಿಗೆ ಕೈಹಾಕಿದ್ದು ೧೯೭೪ರ ಸುಮಾರಿಗೆ, ಐವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಕಾಗದದ ತಿರುಳನ್ನೇ ಹಾಳೆಯಾಗಿ ಎರೆದು, ಬಿಳಿಯ ಮೇಲೆ ಬಿಳಿಯದಾಗಿಯೇ ಕುಳಿ, ಗೀರು, ಸೀಳುಗಳು ಮೂಡುವಂತೆ ಒಂದು ಮಾಲೆಯನ್ನು ಮಾಡಿ ಅದಕ್ಕೆ ‘ಗಾಯಗಳು’ ಎಂದು ಹೆಸರಿಟ್ಟರು. ಅದರಲ್ಲಿ ಮನುಷ್ಯನ ಆಕಾರವಿಲ್ಲ, ಚರ್ಮವಿದೆ. ಕಂಚಿನಲ್ಲಿಯೂ ಇದೇ ಹಾದಿ. ಎರಕದ ಶಿಲ್ಪಿಗಳು ಮೊದಲು ಮೇಣದಲ್ಲಿ ತುಂಬಿದ ಮೂರ್ತಿಯನ್ನು ತಿದ್ದಿ ತೀಡುವುದು ವಾಡಿಕೆ. ಹೋರ್ ಅವರಾದರೋ ಮೇಣವನ್ನು ತೆಳುವಾದ ಹಾಳೆಯಾಗಿ ತಟ್ಟಿ, ಮಡಿಸಿ, ಕೊಯ್ದು, ಕಾದ ಕಬ್ಬಿಣದಿಂದ ಸುಟ್ಟು ತೂತು ಮಾಡಿ, ಹಾಗೆಯೇ ಎರಕಕ್ಕೆ ಒಪ್ಪಿಸುತ್ತಿದ್ದರು. ಮೇಣ ಕರಗಿಹೋದ ಸ್ಥಳದಲ್ಲಿ ಕಂಚು ನಿಲ್ಲುವುದು; ಗಾಯ ಮಾತ್ರ ಇದ್ದಂತೆಯೇ ಉಳಿಯುವುದು. ಪಕ್ಕೆಲುಬು ಎಣಿಸಬಹುದಾದ ತಾಯಿ, ಅವಳ ಮಡಿಲಲ್ಲಿ ಎಳೆಯದೋ ಮುದಿಯದೋ ತಿಳಿಯದ ಕೂಸು, ಕಾಲು ಮುರಿದು ಕುಳಿತ ಮುದುಕ, ಹೊಟ್ಟೆ ಬೆನ್ನಿಗೆ ಹತ್ತಿದ ನಾಯಿ, ಇವೇ ಅವರ ಮೂರ್ತಿಗಳು. ಬಹುಪಾಲು ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕವು. ದೊಡ್ಡದಾಗಿ ಮಾಡಿದ ಒಂದು ತಾಯಿ ಮಗುವಿನ ಕಂಚನ್ನು ವಿಯೆಟ್ನಾಮಿನ ಜನರ ಹೋರಾಟಕ್ಕೆ ಕಾಣಿಕೆಯಾಗಿ ೧೯೭೭ರಲ್ಲಿ ಮುಗಿಸಿದರು. ಅದು ಸ್ವಲ್ಪ ಕಾಲದಲ್ಲಿಯೇ ಕಲಾಭವನದಿಂದ ಕಳುವಾಗಿ ಮತ್ತೆ ದೊರೆಯಲಿಲ್ಲ. ಊರು ಕಳೆದುಕೊಂಡವರ ಮೂರ್ತಿಗೇ ನೆಲೆ ತಪ್ಪಿದುದನ್ನು ಏನೆನ್ನೋಣ!

ಇದರಲ್ಲಿ ಚೆಲುವೆಲ್ಲಿದೆ, ಬೇಲೂರಿನ ಮದನಿಕೆಯರನ್ನು ಕಂಡ ಕಣ್ಣಿಗೆ ಇದು ಶಿಲ್ಪವೆ, ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಮದನಿಕೆಯನ್ನು ನೋಡಿ ನಾವು ಹಿಗ್ಗುವುದು ಸಹಜ, ಹಿಗ್ಗಬೇಕು. ಆದರೆ ಹೊಯ್ಸಳರ ಕೈಚಳಕವನ್ನೇ ನಕಲು ಮಾಡುತ್ತ ಕುಳಿತವನು ೧೯೪೩ರ ಹಸಿವನ್ನು ಯಾವ ಆಭರಣದಿಂದ ಅಲಂಕರಿಸಬೇಕು? ಹೋರ್ ಅವರು ಹಸಿದವರನ್ನು ಚೆಲುವಾಗಿಸಲಿಲ್ಲ, ಅಸಹ್ಯವಾಗಿಯೂ ಮಾಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದೇ ಅವರ ಹೆಚ್ಚುಗಾರಿಕೆ.

ನಮ್ಮ ಸೀಮೆಯ ಶಿಲ್ಪಕ್ಕೂ ಯುದ್ಧಕ್ಕೂ, ಊರು ಬಿಡುವುದಕ್ಕೂ ನಂಟಿಲ್ಲವೆಂದಲ್ಲ. ಶಿರಾ, ಪಾವಗಡಗಳ ಗಡಿಗೆ ಸಮೀಪವಾಗಿ ಈಗ ಆಂಧ್ರಕ್ಕೆ ಸೇರಿರುವ ಹೇಮಾವತಿಯು ನೊಳಂಬರ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಅದರ ಹೆಸರು ಹೆಂಜೇರು. ಕರಿಯ ಕಲ್ಲನ್ನು ಕನ್ನಡಿಯಂತೆ ತಿಕ್ಕಿ ಹೊಳೆಯಿಸಿದ ಕಂಬಗಳು ಅಲ್ಲಿನ ಶಿಲ್ಪಿಗಳ ಸೊತ್ತು. ಅಂಥ ಕಂಬಗಳು ಇಂದು ಕಾವೇರಿಯ ದಡದ ತಿರುವೈಯಾರಿನ ದೇವಾಲಯದಲ್ಲಿಯೂ ನಿಂತಿವೆ. ಚೋಳರು ಗೆದ್ದು ಸಾಗಿಸಿದುವೆಂದು ವಿದ್ವಾಂಸರ ಮತ. ಶಿಲ್ಪವೇ ಸೆರೆಯಾಗಿ ಹೋದುದಕ್ಕೆ ಇದು ಸಾಕ್ಷಿ. ಇನ್ನು ತುಮಕೂರಿನ ಬಳಿಯ ಕೈದಾಳದ ಜಕಣಾಚಾರಿಯ ಕಥೆಯನ್ನು ಚರಿತ್ರಕಾರರು ಒಪ್ಪಲಿ ಬಿಡಲಿ, ಅದರ ತಿರುಳು ಮನೆ ಬಿಟ್ಟವನ ಕಥೆಯೇ. ಬೇಲೂರಿನಲ್ಲಿ ಕೀರ್ತಿ ಬಂತು. ಹೆತ್ತ ಮಗನನ್ನು ಗುರುತಿಸಲಾರದೆ ಹೋದ. ಕಡಿದುಕೊಂಡ ಕೈ ಮತ್ತೆ ಬಂದುದು ಹುಟ್ಟೂರಿನ ಕೇಶವನನ್ನು ಕೆತ್ತಿದ ಮೇಲೆ. ಈ ಕಥೆಯನ್ನು ಕಟ್ಟಿದ ಜನಕ್ಕೆ ಊರು ಬಿಡುವುದೆಂದರೇನೆಂದು ಚೆನ್ನಾಗಿ ಗೊತ್ತಿದ್ದಿರಬೇಕು.

ಗೊತ್ತಿರದೆ ಹೇಗೆ? ಧಾತು ಈಶ್ವರ ಸಂವತ್ಸರಗಳ, ಎಂದರೆ ೧೮೭೬–೭೮ರ ಬರದಲ್ಲಿ ಮೈಸೂರು ಸೀಮೆಯ ಐದು ಜನರಲ್ಲಿ ಒಬ್ಬರಂತೆ ಅಳಿದರು. ಇಂದಿಗೂ ಮಳೆ ಕೈಕೊಟ್ಟ ವರ್ಷ ಪಾವಗಡದ ಹಳ್ಳಿಗಳಿಂದ ಬೆಂಗಳೂರಿಗೆ ಕೂಲಿ ಹುಡುಕಿಕೊಂಡು ಹೋಗುವವರುಂಟು. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಅಜ್ಜಿ.

ಆದುದರಿಂದ ಶಿರಾ ನಗರಸಭೆಯವರಿಗೂ ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೂ ನಾವು ಒಂದು ಸೂಚನೆಯನ್ನು ಮಾಡಬಯಸುತ್ತೇವೆ. ವೃತ್ತಕ್ಕೊಂದು ಪ್ರತಿಮೆ ನಿಲ್ಲಿಸುವ ಉತ್ಸಾಹ ಎಲ್ಲ ಊರುಗಳಲ್ಲಿಯೂ ಇದೆ. ಕತ್ತಿ ಹಿಡಿದವರು, ಕುದುರೆಯೇರಿದವರು ಸಾಕಷ್ಟಾದರು. ಇದರಲ್ಲಿ ಸುಲ್ತಾನನನ್ನು ದೂರುವ ಉದ್ದೇಶವಾಗಲಿ ಒಂದು ಕೋಮಿನವರನ್ನು ನೋಯಿಸುವ ಉದ್ದೇಶವಾಗಲಿ ನಮಗಿಲ್ಲ. ಈ ನೆಲವನ್ನು ತುಳಿಯದ ದಂಡೇ ಇಲ್ಲ. ಶಿರಾ ಬಿಟ್ಟು ಹೋದವರಲ್ಲಿಯೂ ಎಲ್ಲ ಜಾತಿ ಮತಗಳವರು ಇದ್ದಿರಬೇಕು. ಶಿರಾದಿಂದ ತೆಂಕಣಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ, ನಮ್ಮ ಬೆಟ್ಟಗಳದೇ ಕಲ್ಲಿನಲ್ಲಿ, ಆ ೧೨,೦೦೦ ಕುಟುಂಬಗಳಿಗೆ ಒಂದು ಮೂರ್ತಿಯಾಗಲಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ತರುಣ ಶಿಲ್ಪಿಗಳು ಇದ್ದಾರೆ. ಅವರನ್ನು ಕರೆದು ಮೊದಲು ಗಂಜಾಮಿಗೂ ಆಮೇಲೆ ಶಿರಾಕ್ಕೂ ಕಾಲ್ನಡಿಗೆಯಲ್ಲಿ ಕಳುಹಿಸಲಿ. ಮೂರ್ತಿಯ ಕೆಳಗೆ ಯಾವ ಮಂತ್ರಿಯ ಹೆಸರೂ ಬೇಡ. ಸಂಖ್ಯೆಯನ್ನೂ ಎರಡು ಊರುಗಳ ಹೆಸರನ್ನೂ ಕೆತ್ತಿದರೆ ಸಾಕು.